ನರಿಮರಿಯ ಅಜ್ಜಿ ತಿರುಗಿ ಬಂದದ್ದು

ಕಂಡಕ್ಟರನ ಮನೆಗೆ ಪುಸ್ತಕ ಬರುವುದು ಬಸ್ಸು ಹೋದ ಕಡೆಯಿಂದ. ನನ್ನ ಕೆಲಸ ಗಡಿಯ ಮೇಲಿನ ಜತ್ತದ ಎಸ್ಟಿ ಬಸ್ ಡಿಪೋದಲ್ಲಿ. ಒಂದು ವಾರ ವಿಜಯಪುರದ ಡ್ಯೂಟಿ ಬಿದ್ದರೆ ಇನ್ನೊಂದು ವಾರ ಸಾಂಗಲಿಯದು. ವಿಜಯಪುರದ ಬಸ್ ಸ್ಟ್ಯಾಂಡಿನಲ್ಲಿ ಕನ್ನಡ ಪುಸ್ತಕ ಸಿಗುತ್ತವೆ, ಸಾಂಗಲಿಯಲ್ಲಿ ಮರಾಠಿಯವು. ಬಿಳೂರಿನ ನಮ್ಮ ಮನೆಯಲ್ಲಿ ಎರಡೂ ನಡೆಯುತ್ತವೆ. ಒಲೆಯ ಮುಂದೆ ದಖನಿ ಉರ್ದು, ಅಂಗಳದಲ್ಲಿ ಕನ್ನಡ, ತಹಶೀಲ ಕಚೇರಿಗೆ ಹೋದರೆ ಮರಾಠಿ. ಈಗ ಯಾವುದರಲ್ಲಿ ಮಾತಾಡುತ್ತಿದ್ದೇವೆ ಎಂಬ ಎಚ್ಚರ ನಮ್ಮಲ್ಲಿ ಯಾರಿಗೂ ಇರುವುದಿಲ್ಲ. ಮಗಳು ಕಲಿಯುವುದು ಕನ್ನಡ ಶಾಲೆಯಲ್ಲಾದರೂ ಮರಾಠಿಯನ್ನೂ ಅಷ್ಟೇ ಸಲೀಸಾಗಿ ಓದುತ್ತಾಳೆ. ಹಾಗಾಗಿ ಒಂದೇ ಕಥೆಯ ಮೂರು ಭಾಗ ಕನ್ನಡದಲ್ಲಿ, ನಾಲ್ಕನೆಯದು ಮರಾಠಿಯಲ್ಲಿ ಮನೆಗೆ ಬಂದಾಗ ನಮಗದು ವಿಚಿತ್ರವೆನಿಸಲಿಲ್ಲ. ಬೇರೆ ಊರಿನವರಾಗಿದ್ದರೆ ಅಲ್ಲಿಯೇ ಅನುಮಾನ ಬರುತ್ತಿತ್ತು.

ಕಥೆ ಒಂದು ನರಿಮರಿಯದು. ಮೂಲದಲ್ಲಿ ಯಾವ ದೇಶದ್ದೋ ನನಗೆ ಗೊತ್ತಿಲ್ಲ. ಕೊರಳಿಗೆ ಕೆಂಪು ಮಫ್ಲರ್, ಹೊಳೆಯ ದಂಡೆಗೆ ಮನೆ, ಮನೆಯಲ್ಲಿ ಒಬ್ಬ ಅಜ್ಜಿ. ಭಾಗಕ್ಕೊಂದು ಫಜೀತಿ. ಕನ್ನಡದ ಒಂದನೆಯ ಭಾಗದಲ್ಲಿ ಮರಿಯ ಬಾಲ ಬೋನಿಗೆ ಸಿಕ್ಕು ಅರ್ಧ ಕತ್ತರಿಸಿಹೋಗುತ್ತದೆ. ಎರಡನೆಯದರಲ್ಲಿ ಅಜ್ಜಿ ಸಾಯುತ್ತಾಳೆ. ಮಕ್ಕಳ ಪುಸ್ತಕವಲ್ಲವೇ, ಸತ್ತಳೆಂದು ಬಾಯಿಬಿಟ್ಟು ಬರೆದಿರಲಿಲ್ಲ. ಬೆಳಗ್ಗೆ ಹಾಸಿಗೆ ಖಾಲಿ ಇರುತ್ತದೆ, ಕಾಡಿನ ಪ್ರಾಣಿಗಳೆಲ್ಲ ಬಂದು ತಲೆ ತಗ್ಗಿಸಿ ನಿಲ್ಲುತ್ತವೆ, ಮರಿ ಒಂದು ಮರದ ಬುಡಕ್ಕೆ ಹೂವಿಡುತ್ತದೆ. ಮೂರನೆಯ ಭಾಗದಲ್ಲಿ ಅದು ಒಂಟಿಯಾಗಿ ಊರೂರು ತಿರುಗುತ್ತದೆ. ಆಮೇಲೆ ವಿಜಯಪುರದ ಅಂಗಡಿಯಲ್ಲಿ ನಾಲ್ಕನೆಯದು ಬರಲೇ ಇಲ್ಲ. ನಾನು ಕೇಳಿದಾಗಲೆಲ್ಲ ಅಂಗಡಿಯವನು, “ಬರ್ತೈತ್ರಿ, ಮುಂದಿನ ವಾರ ಬರ್ರಿ,” ಎನ್ನುತ್ತಿದ್ದ. ಕೊನೆಗೆ ಸಾಂಗಲಿಯಲ್ಲಿ ಅದೇ ನರಿ, ಅದೇ ಮಫ್ಲರ್, ಮುಖಪುಟದ ಮೇಲೆ ನಾಲ್ಕು ಎಂಬ ಅಂಕಿ ಕಂಡಿತು. ದೊಡ್ಡ ಕೆಲಸ ಮಾಡಿದವನ ಹಾಗೆ ಬೀಗುತ್ತ ಮನೆಗೆ ತಂದೆ.

ಓದುತ್ತಿದ್ದವಳು ನನ್ನ ಹೆಂಡತಿ. ಏಳನೆಯ ಇಯತ್ತೆಯ ಮುಂದೆ ಅವಳು ಶಾಲೆ ಕಂಡವಳಲ್ಲ. ಆದರೂ ಓದುವಾಗ ಅವಳ ಬಾಯಲ್ಲಿ ಮರಾಠಿ ತಾನೇ ಕನ್ನಡವಾಗುತ್ತಿತ್ತು, ಕನ್ನಡ ಆಗಾಗ ದಖನಿಯಾಗುತ್ತಿತ್ತು. ಹಗಲೆಲ್ಲ ಹೊಲಿಗೆ ಮಷೀನಿನ ಮುಂದೆ ಊರವರ ಜಂಪರ್ ಹೊಲಿದು, ಸಂಜೆ ಅದೇ ಕುರ್ಚಿಯಲ್ಲಿ ಕುಳಿತು ಮಗಳಿಗೆ ಓದಿ ಹೇಳುವಳು. ಆ ಸಂಜೆ ನಾನು ಬಾಗಿಲಲ್ಲಿ ನಿಂತು ಬೂಟು ಕಳಚುತ್ತಿದ್ದೆ. ನಾಲ್ಕನೆಯ ಭಾಗದ ಮೊದಲ ಪುಟದಲ್ಲೇ ಅಜ್ಜಿ ಕಟ್ಟೆಯ ಮೇಲೆ ಕುಳಿತು ಬಟಾಣಿ ಸುಲಿಯುತ್ತಿದ್ದಳು.

“ಅಮ್ಮಿ, ಈಕಿ ಸತ್ತಿದ್ಳಲ್ಲ?” ಎಂದಳು ಮಗಳು.

ಹೆಂಡತಿ ಒಂದು ಗಳಿಗೆ ಪುಟವನ್ನೇ ನೋಡಿದಳು. ಆಮೇಲೆ ಬಹಳ ದಿನದಿಂದ ಗೊತ್ತಿದ್ದ ಸಂಗತಿಯೆಂಬ ಹಾಗೆ ಹೇಳಿದಳು. “ಎಲ್ಲಿ ಸತ್ತಿದ್ಳು? ಹೊಳಿ ದಾಟಿ ತಂಗಿ ಊರಿಗೆ ಹೋಗಿದ್ಳು. ಹೊಳಿ ಬಂತು. ಬರಾಕ ಹಾದಿ ಇರಲಿಲ್ಲ. ಮರಿ ಸಣ್ಣದು, ಕಾಣಲಿಲ್ಲಂದ್ರ ಸತ್ತಳು ಅಂತ ತಿಳಕೊಂತು.”

“ಮತ್ತ ಗಿಡದ ಬುಡಕ ಹೂವ ಇಟ್ಟಿತ್ತಲ್ಲ?”

“ಅಲ್ಲಿ ಆಕಿ ಚಪ್ಪಲಿ ಸಿಕ್ಕಿದ್ವು. ಅದಕ್ಕ ಇಟ್ಟಿತ್ತು.”

“ಬಾಲಾನೂ ಪೂರಾ ಐತಿ ಇದರಾಗ.”

“ಅಜ್ಜಿ ಬಂದ ಕೂಡ್ಲೆ ಹೊಲದು ಹಚ್ಚಿದ್ಳು. ನನಗ ಒಂದ ಜಂಪರ್ ಹೊಲ್ಯಾಕ ಎಷ್ಟೊತ್ತು ಬೇಕು? ಬಾಲಾ ಅಂದ್ರ ಅಷ್ಟs.”

ನನಗೆ ನಗು ಬಂದಿತ್ತು. ನಗುವುದಕ್ಕೂ ದಣಿವಾಗಿ ಒಳಗೆ ಹೋದೆ. ಕಥೆಯ ಉಳಿದದ್ದು ಬಚ್ಚಲಲ್ಲಿ ಕಾಲು ತೊಳೆಯುವಾಗ ಕೇಳುತ್ತಿತ್ತು. ಪುಸ್ತಕದಲ್ಲಿ ಇಲ್ಲದ ಆ ಹೊಳೆಯ ಕಥೆಯನ್ನು ಅವಳು ಆಮೇಲೆ ಎಷ್ಟು ಸಲ ಹೇಳಿದಳೋ ಲೆಕ್ಕವಿಲ್ಲ. ಮಗಳು ಪುಸ್ತಕ ಬಿಟ್ಟು ಅದನ್ನೇ ಕೇಳುತ್ತಿದ್ದಳು. ತಂಗಿಯ ಊರಿನಲ್ಲಿ ಅಜ್ಜಿ ಏನು ಉಂಡಳು, ಎಲ್ಲಿ ಮಲಗಿದಳು, ನೀರು ಇಳಿದ ದಿನ ಯಾವ ಹಾದಿ ಹಿಡಿದಳು, ಎಲ್ಲವೂ ಅದರಲ್ಲಿ ಬರುತ್ತಿತ್ತು.

ಆಮೇಲೆ ನರಿಮರಿ ಟಿವಿಗೂ ಬಂತು. ಹಿಂದಿ ಕಾರ್ಟೂನಿನಲ್ಲಿ ಮಫ್ಲರ್ ನೀಲಿ. ಬಾಲ ಕತ್ತರಿಸಿದ್ದೇ ಇಲ್ಲ. ಅಜ್ಜಿ ಸಾಯುವುದೂ ಇಲ್ಲ, ಊರಿಗೆ ಹೋಗುವುದೂ ಇಲ್ಲ, ಎಲ್ಲ ಕಂತುಗಳಲ್ಲೂ ಅದೇ ಕಟ್ಟೆಯ ಮೇಲೆ ಕುಳಿತು ಬುದ್ಧಿ ಹೇಳುತ್ತಾಳೆ. ಸಿನಿಮಾದಲ್ಲಂತೂ ಅಜ್ಜಿಯೇ ಮಾಯ. ಅವಳ ಜಾಗದಲ್ಲಿ ಹಾಡು ಹೇಳುವ ಒಬ್ಬ ಅಜ್ಜ. ಅದರ ಎರಡನೆಯ ಸಿನಿಮಾದಲ್ಲಿ ಆ ಅಜ್ಜ, “ನಿನ್ನ ಅಜ್ಜಿ ಹೋಗಿ ಹತ್ತು ವರ್ಷವಾಯಿತು,” ಎನ್ನುತ್ತಾನೆ. ಮರಿಗೆ ಆಗಿನ್ನೂ ಆರು ವರ್ಷ. ಮಗಳು ಒಂದು ನೋಟಬುಕ್ಕಿನಲ್ಲಿ ಇವನ್ನೆಲ್ಲ ಬರೆದಿಡುತ್ತಿದ್ದಳು. ಕಿಟಕಿ ಎಡಕ್ಕಿದ್ದದ್ದು ಬಲಕ್ಕೆ ಬಂದದ್ದು ಕೂಡ ಅವಳ ಕಣ್ಣು ತಪ್ಪುತ್ತಿರಲಿಲ್ಲ. ನನಗೆ ಆ ಕಥೆ ಮಾಡುವವರ ಮೇಲೆ ಸಿಟ್ಟು ಬರುತ್ತಿತ್ತು. ಟಿಕೆಟ್ ಮಷೀನಿನಲ್ಲಿ ಒಂದು ಸ್ಟಾಪಿನ ಹೆಸರು ತಪ್ಪಿ ಒತ್ತಿದರೆ ನನಗೆ ಮೆಮೊ ಬರುತ್ತದೆ. ಇಡೀ ಅಜ್ಜಿಯನ್ನೇ ತಪ್ಪಿಸಿದವರಿಗೆ ಹೇಳುವವರು ಕೇಳುವವರು ಇಲ್ಲವೇ ಎಂದು ಬೈಯುತ್ತಿದ್ದೆ. ಹೆಂಡತಿ ಮಾತ್ರ ಯಾವುದನ್ನೂ ತಪ್ಪೆನ್ನುತ್ತಿರಲಿಲ್ಲ. ಮಫ್ಲರ್ ಯಾಕೆ ನೀಲಿಯಾಯಿತೆಂದರೆ, ಬಣ್ಣ ಬಿಡುವ ಸೀರೆಯ ಜೊತೆ ಒಗೆದದ್ದಕ್ಕೆ. ಕಿಟಕಿ ಯಾಕೆ ಬಲಕ್ಕೆ ಬಂತೆಂದರೆ, ಗಾಳಿ ಬರಲಿ ಎಂದು ಒಡೆಸಿ ಹಾಕಿಸಿದ್ದಕ್ಕೆ.

ಹೋದ ಮಳೆಗಾಲದ ಕೊನೆಗೆ ಅವಳಿಗೆ ಜ್ವರ ಬಂತು. ಜತ್ತದ ದವಾಖಾನೆಯಲ್ಲಿ ಎರಡು ದಿನ, ಮಿರಜಿನಲ್ಲಿ ನಾಲ್ಕು ದಿನ. ಆಮೇಲೆ ಮನೆಗೆ ತಂದೆವು. ಹೆಂಗಸರು ಮಗಳಿಗೆ ಮುಖ ತೋರಿಸಿದರು. ಕಬರಸ್ತಾನಕ್ಕೆ ನಮ್ಮಲ್ಲಿ ಹೆಣ್ಣುಮಕ್ಕಳು ಬರುವುದಿಲ್ಲ, ಅವಳು ಬಾಗಿಲಲ್ಲೇ ಉಳಿದಳು. ನಾನು ಎಲ್ಲರ ಜೊತೆ ಮೂರು ಹಿಡಿ ಮಣ್ಣು ಹಾಕಿ ಬಂದೆ. ಅಳು ಬರಲಿಲ್ಲ. ಬರುತ್ತದೆ ಎಂದು ಕಾದೆ. ಮೂರನೆಯ ದಿನ ಬರಲಿಲ್ಲ, ನಲವತ್ತನೆಯ ದಿನ ಫಾತಿಹಾ ಓದಿಸಿ ಓಣಿಗೆಲ್ಲ ಊಟ ಕಳಿಸಿದಾಗಲೂ ಬರಲಿಲ್ಲ. ಡ್ಯೂಟಿಗೆ ಹೋದೆ. ಮುಚ್ಚಂಡಿಯ ಸ್ಟಾಪಿನಲ್ಲಿ ಗಂಟೆ ಹೊಡೆದೆ, ಜನ ಇಳಿದರು, ಮತ್ತೆ ಗಂಟೆ ಹೊಡೆದೆ. ಯಾರಾದರೂ ಅನುಕಂಪದ ಮಾತಾಡಿದರೆ ಹೂಂ ಎನ್ನುತ್ತಿದ್ದೆ. ಅವಳು ಮಿರಜಿನಲ್ಲೇ ಇದ್ದಾಳೆ, ಈ ವಾರ ನನ್ನದು ಆ ಕಡೆಯ ಡ್ಯೂಟಿ ಅಲ್ಲ, ಅಷ್ಟೇ ಎಂಬ ಹಾಗೆ ದಿನ ಕಳೆಯುತ್ತಿದ್ದವು.

ಮಗಳೂ ಹೆಚ್ಚು ಅಳಲಿಲ್ಲ. ಪಕ್ಕದ ಮನೆಯಲ್ಲಿರುವ ನನ್ನ ಅಕ್ಕ, ನಾವು ಆಪಾ ಎನ್ನುವವಳು, ಅವಳ ಊಟ, ತಲೆ ಬಾಚುವುದು ನೋಡಿಕೊಂಡಳು. ಒಂದು ದಿನ ಆಪಾ ನನ್ನನ್ನು ಕರೆದು ಕೂಡಿಸಿದಳು.

“ತಮ್ಮಾ, ನಿನ್ನ ಮಗಳು ಒಂದs ಪುಸ್ತಕ ಹಿಡಕೊಂಡು ಕುಂತಿರತಾಳ. ಅದರಾಗ ಯಾರೋ ಅಜ್ಜಿ ಸತ್ತಾಕಿ ತಿರಿಗಿ ಬರ್ತಾಳಂತ. ನಾ ಕೇಳಿದ್ರ, ಸತ್ತಿರಲಿಲ್ಲ, ಹೊಳಿ ಆಚಿ ಇದ್ಳು ಅಂತಾಳ. ಹುಡುಗಿ ಮನಸಿನ್ಯಾಗ ಏನೈತಿ ನೋಡು.”

ನೋಡುತ್ತೇನೆ ಎಂದೆ. ನೋಡಲಿಲ್ಲ. ನೋಡಿದರೆ ಏನು ಹೇಳಬೇಕೋ ನನಗೆ ತಿಳಿದಿರಲಿಲ್ಲ. ಆ ಹೊಳೆಯ ಕಥೆ ಮಗಳ ಹತ್ತಿರ ಇರಲಿ, ಅದಕ್ಕೆ ಯಾರೂ ಕೈ ಹಚ್ಚದಿರಲಿ ಎಂದಷ್ಟೇ ಅಂದುಕೊಂಡೆ. ಅವಳ ತಾಯಿ ಬಿಟ್ಟುಹೋದದ್ದರಲ್ಲಿ ಬಾಯಲ್ಲಿ ಉಳಿದದ್ದು ಅದೊಂದೇ.

ನಾಲ್ಕೈದು ತಿಂಗಳಾದ ಮೇಲೆ ವಿಜಯಪುರದ ಅಂಗಡಿಯವನು ತಾನಾಗಿ ಕೂಗಿ ಕರೆದ. ನರಿಮರಿಯ ಹೊಸ ಭಾಗ ಬಂದಿತ್ತು. ಬಸ್ಸು ಬಿಡಲು ಇನ್ನೂ ಹೊತ್ತಿತ್ತು. ಸೀಟಿನಲ್ಲಿ ಕುಳಿತು, ನನ್ನ ಜನ್ಮದಲ್ಲಿ ಮೊದಲ ಸಲ, ಆ ಪುಸ್ತಕದ ಹಾಳೆ ತಿರುವಿದೆ. ಕೊನೆಯ ಪುಟದಲ್ಲಿ ಓದುವವರಿಗೆ ಒಂದು ಸೂಚನೆ ಇತ್ತು. ಭಾಗಗಳು ಬೇರೆ ಬೇರೆ ಭಾಷೆಗಳಲ್ಲಿ ಅಚ್ಚಾದ ಹಾಗೆ ಅಂಕಿ ಹಾಕಿದ್ದರಿಂದ ಗೊಂದಲವಾಗಿದೆ, ಕಥೆ ನಡೆದ ಸರಿಯಾದ ಕ್ರಮ ಹೀಗಿದೆ ಎಂದು ಬರೆದು, ಪ್ರತಿ ಭಾಗದ ಚಿಕ್ಕ ಚಿತ್ರ ಕೊಟ್ಟಿದ್ದರು. ಎಲ್ಲಕ್ಕಿಂತ ಮೊದಲಿಗೆ ಅಜ್ಜಿ ಕಟ್ಟೆಯ ಮೇಲೆ ಬಟಾಣಿ ಸುಲಿಯುವ ಚಿತ್ರವಿತ್ತು. ನಮ್ಮ ಮನೆಯ ನಾಲ್ಕನೆಯದು.

ಅಂದರೆ ಪುಸ್ತಕದಲ್ಲಿ ತಪ್ಪೇ ಇರಲಿಲ್ಲ. ಅಜ್ಜಿ ತಿರುಗಿ ಬಂದಿರಲಿಲ್ಲ. ಅವಳು ಬದುಕಿದ್ದಾಗಿನ ಕಥೆಯನ್ನು ನಾವು ಅವಳು ಸತ್ತ ಮೇಲೆ ಓದಿದ್ದೆವು. ಕನ್ನಡದ ಮೂರರ ಮುಂದೆ ಮರಾಠಿಯ ನಾಲ್ಕನ್ನು ತಂದಿಟ್ಟವನು ನಾನು. ಎರಡು ಊರಿನ ಪುಸ್ತಕಗಳನ್ನು ಒಂದೇ ಸಾಲಾಗಿ ಜೋಡಿಸಿದ ಜಾಣ ನಾನು. ಆ ಹೊಳೆ ತುಂಬಿ ಬಂದದ್ದು ನನ್ನ ಡ್ಯೂಟಿಯ ಪಾಳಿಯಿಂದ.

ಪುಸ್ತಕ ತಂದು ನನ್ನ ಯೂನಿಫಾರ್ಮಿನ ಟ್ರಂಕಿನಲ್ಲಿ ತಳಕ್ಕೆ ಇಟ್ಟೆ. ತಪ್ಪು ಮಾಡುತ್ತಿದ್ದೇನೆ ಎಂದೂ ಅನಿಸಲಿಲ್ಲ, ಸರಿ ಮಾಡುತ್ತಿದ್ದೇನೆ ಎಂದೂ ಅನಿಸಲಿಲ್ಲ. ಮಗಳು ಅದನ್ನು ನೋಡಿದರೆ ತಾಯಿ ಹೇಳಿದ್ದು ಸುಳ್ಳಾಗುತ್ತದೆ, ಅಜ್ಜಿ ಇನ್ನೊಮ್ಮೆ ಸಾಯುತ್ತಾಳೆ. ಅದನ್ನು ನನ್ನ ಕೈಯಾರೆ ಕೊಡುವುದು ನನಗೆ ಬೇಡವಾಗಿತ್ತು.

ಒಂದು ದಿನ, ವಾರದ ರಜೆಯ ಮಧ್ಯಾಹ್ನ. ಆಪಾ ಒಗೆಯಲು ಅಂಗಿ ಕೇಳಿದ್ದಳು, ಮಗಳು ಟ್ರಂಕು ತೆರೆದಳು. ನಾನು ಹೊರಗೆ ಕಟ್ಟೆಯ ಮೇಲೆ ಗಡ್ಡ ಹೆರೆದುಕೊಳ್ಳುತ್ತಿದ್ದೆ. ಬಂದು ಪುಸ್ತಕ ಹಿಡಿದು ನಿಂತಳು. ಕೊನೆಯ ಪುಟಕ್ಕೆ ಅವಳ ಬೆರಳಿತ್ತು.

“ಇದನ್ನ ಯಾಕ ಮುಚ್ಚಿಟ್ಟಿ?”

ಮುಖದ ಸೋಪು ಒಣಗುತ್ತಿತ್ತು. ನಿನಗೆ ಬೇಸರವಾಗಬಾರದೆಂದು ಅಂದೆ. ಅಮ್ಮಿ ಹೇಳಿದ್ದು ಬೇರೆ ಇತ್ತಲ್ಲ ಅಂದೆ.

“ನನಗ ಮೊದಲs ಗೊತ್ತಿತ್ತು,” ಎಂದಳು. ಅವಳಿಗೆ ಸಿಟ್ಟು ಬಂದಿತ್ತು. “ಬಾಲಾ ಪೂರಾ ಇತ್ತಲ್ಲ ಅಬ್ಬಾ. ಹೊಲದಿದ್ರ ಹೊಲಗಿ ಕಾಣಬೇಕಿಲ್ಲ? ಅದು ಹಿಂದಿನ ಕಥಿ ಅಂತ ನಾ ಯಾವಾಗೋ ಬರದಿಟ್ಟೀನಿ. ಅಮ್ಮಿಗೂ ಗೊತ್ತಿತ್ತು.”

“ಮತ್ತ ಯಾಕ ಹಂಗ ಹೇಳತಿದ್ಳು?”

“ನಾ ಹೇಳು ಅಂತಿದ್ದೆ. ಆಕಿ ಭಾಳ ಚಲೋ ಹೇಳತಿದ್ಳು.”

ಅಷ್ಟೇ. ಸತ್ತವರು ಬರುತ್ತಾರೆಂದು ಅವಳು ನಂಬಿಕೊಂಡು ಕುಳಿತಿರಲಿಲ್ಲ. ಇಷ್ಟು ದಿನ ಆಪಾ ಮತ್ತು ನಾನು ಸುಮ್ಮನೆ ಹೆದರಿದ್ದೆವು. ನಾನು ಮುಖ ತೊಳೆದು ಒಳಗೆ ಬಂದೆ. ಒಂದು ಕೆನ್ನೆ ಹೆರೆದಿತ್ತು, ಇನ್ನೊಂದು ಇರಲಿಲ್ಲ. ಹೊಲಿಗೆ ಮಷೀನಿನ ಹತ್ತಿರ ನೆಲದ ಮೇಲೆ ಕುಳಿತು, “ಆಕಿ ಹೆಂಗ ಹೇಳತಿದ್ಳೋ ಹಂಗ ನನಗೊಮ್ಮೆ ಹೇಳು,” ಎಂದು ಕೇಳಿದೆ.

ಮೊದಲು ಒಲ್ಲೆನೆಂದಳು. ಆಮೇಲೆ ಶುರು ಮಾಡಿದಳು. ತಾಯಿಯ ಹಾಗೆಯೇ ಕೈ ಆಡಿಸುತ್ತ, ನಡುನಡುವೆ ದಖನಿ ಸೇರಿಸುತ್ತ ಹೇಳಿದಳು. ಅಜ್ಜಿ ತಂಗಿಯ ಮಗುವಿಗೆ ಕುಲಾಯಿ ಹೊಲಿದು ಒಯ್ದದ್ದು, ರಾತ್ರೋರಾತ್ರಿ ಹೊಳೆ ಬಂದದ್ದು, ಅಲ್ಲಿ ದಿನವೂ ಸಜ್ಜೆಯ ರೊಟ್ಟಿ ತಿಂದು ಬೇಸರವಾದದ್ದು, ನೀರು ಮೊಣಕಾಲಿಗೆ ಇಳಿದ ದಿನ ಸೀರೆ ಎತ್ತಿ ಕಟ್ಟಿ ದಾಟಿ ಬಂದು ಕಟ್ಟೆಯ ಮೇಲೆ ಕುಳಿತು ಬಟಾಣಿ ಸುಲಿಯಲು ಹಿಡಿದದ್ದು. ಮರಿ ಕೇಳಿದರೆ, ಎಲ್ಲಿಗೂ ಹೋಗಿರಲಿಲ್ಲ ಎಂಬ ಹಾಗೆ, “ಮೊದಲ ಕಾಲ ತೊಳಕೊ,” ಎಂದದ್ದು.

ಹೇಳಿ ಮುಗಿಸಿದಳು. ನಾನು ಇನ್ನೂ ಕಾಯುತ್ತಿದ್ದೆ.

“ಒಂದು ಬಿಟ್ಟಿ,” ಎಂದೆ. “ದಿನಾ ಸಂಜಿಕ ಅಜ್ಜಿ ಆ ದಂಡಿಗೆ ನಿಂತು, ನಾ ಇಲ್ಲೇ ಅದೀನೋ ಅಂತ ಕೂಗತಿದ್ಳಲ್ಲ. ನೀರಿನ ಸಪ್ಪಳಕ್ಕ ಮರಿಗೆ ಕೇಳತಿರಲಿಲ್ಲ.”

ಮಗಳು ನನ್ನ ಮುಖ ನೋಡಿದಳು. “ಅಮ್ಮಿ ಹಂಗ ಹೇಳಿಲ್ಲ.”

“ಹೇಳ್ಯಾಳ. ನಾ ಕಾಲ ತೊಳಕೋತ ಕೇಳೀನಿ.”

“ಇಲ್ಲ ಅಬ್ಬಾ. ನನಗ ಎಲ್ಲಾ ಬಾಯಿಪಾಠ ಐತಿ. ಕೂಗೋದು ಇಲ್ಲ ಅದರಾಗ.”

ನನಗೆ ಚೆನ್ನಾಗಿ ನೆನಪಿತ್ತು. ಅವಳು ದನಿ ಎಳೆದು ಕೂಗಿದ್ದು, ಆಪಾ ಗೋಡೆಯಾಚೆಯಿಂದ ಏನಾಯಿತೆಂದು ಕೇಳಿದ್ದು ಕೂಡ ನೆನಪಿತ್ತು. ಮಗಳಿಗೂ ಅಷ್ಟೇ ಖಾತ್ರಿ. ಕಿಟಕಿ ಸರಿದರೆ ಹಿಡಿಯುವ ಹುಡುಗಿ, ಅವಳು ಮರೆಯುವುದುಂಟೇ? ಅಥವಾ ಮರೆಯತೊಡಗಿದ್ದಾಳೆಯೇ? ಅಥವಾ ಈ ಐದು ತಿಂಗಳಲ್ಲಿ ಬಸ್ಸಿನಲ್ಲಿ ನಿಂತೇ ನಾನು ಅದನ್ನು ಸೇರಿಸಿಕೊಂಡೆನೇ?

“ಹೇಳ್ಯಾಳ,” ಎಂದೆ ನಾನು.

“ಹೇಳಿಲ್ಲ,” ಎಂದಳು ಅವಳು.

ಯಾರದು ಸರಿ ಎಂದು ಕೇಳಿದರಾಯಿತೆಂದು ಇಬ್ಬರೂ ಒಂದೇ ಸಲ ಅಡುಗೆಮನೆಯ ಕಡೆ ತಿರುಗಿದೆವು. ನನ್ನ ಹೆಂಡತಿ ಸತ್ತಿದ್ದಾಳೆಂದು ನನಗೆ ತಿಳಿದದ್ದು ಆಗ.