ನಮ್ಮ ಹೊಲದ ಮಾಣಿಕ್ಯ

ನಮ್ಮ ಹೊಲದಲ್ಲಿ ಮಾಣಿಕ್ಯ ಸಿಕ್ಕಿದ್ದಕ್ಕೆ ನಾವು ತೆತ್ತ ಬೆಲೆ ಒಂದು ಹಿಂಗಾರಿ ಬೆಳೆ. ಜೋಳ ಹೋಯಿತು, ದನಕ್ಕೆ ಹಾಕುವ ಕಣಿಕೆ ಹೋಯಿತು, ಮಕ್ಕಳಾದ ನಮಗೆ ಸೀತನಿಯೂ ಹೋಯಿತು. ಕಾರಣ, ಕೊಳ್ಳಲು ಬಂದವನ ಕೈಗೇ ತಕ್ಕಡಿ ಕೊಟ್ಟು ಕುಳಿತೆವು.

ಆಗೆಲ್ಲ ದೇವರ ಹಿಪ್ಪರಗಿ ಕಡೆ ಚಳಿ ಬಿತ್ತೆಂದರೆ ಸೀತನಿಗೆಂದು ಜೋಳದ ಹಾಲುತೆನೆ ಸುಡುವ ವಾಸನೆ. ಕುಳ್ಳಿನ ಕೆಂಡದಲ್ಲಿ ತೆನೆ ಚಟಪಟ ಅನ್ನಬೇಕು, ಬಿಸಿ ಇದ್ದಾಗಲೇ ತಿಕ್ಕಿ, ಶೇಂಗಾ ಚಟ್ನಿಪುಡಿ, ಬೆಲ್ಲದ ಜೊತೆ ಬಾಯಿಗೆ ಹಾಕಬೇಕು. ಆ ವರ್ಷ ಬಿತ್ತನೆಗೆ ಮೊದಲು ಅಪ್ಪ ತಿಪ್ಪೆಗೆಂದು ಹೊಲದ ಮೂಲೆಯಲ್ಲಿ ತಗ್ಗು ತೋಡಿದ. ಕಪ್ಪು ಮಣ್ಣಿನ ಕೆಳಗೆ ಗರಸು ಎಂಬ ಜಲ್ಲಿಮಣ್ಣು, ಗರಸಿನ ನಡುವೆ ಕೆಂಪು ಕಲ್ಲುಗಳು. ತೊಳೆದು ಬಿಸಿಲಿಗೆ ಹಿಡಿದರೆ ಒಳಗೆ ದೀಪ ಹಚ್ಚಿದ ಹಾಗೆ.

ಸುದ್ದಿ ಸಂತೆ ಮುಟ್ಟಿತು. ಮೋಟರ್ ಸೈಕಲ್ ಮೇಲೆ ಒಬ್ಬ ಬಂದ, ಹರಳಿನ ವ್ಯಾಪಾರಿಯಂತೆ. ಕಣ್ಣಿಗೆ ಭೂತಗನ್ನಡಿ ಹಿಡಿದು ನೋಡಿದ. ಅವ್ವನ ಕನ್ನಡಿ ಇಸಿದುಕೊಂಡು ಕಲ್ಲಿನಿಂದ ಗೀರಿದ. ಗಾಜಿನ ಮೇಲೆ ಗೆರೆ ಬಿತ್ತು.

"ಮಾಣಿಕ್ಯ ಅದಾವ್ರಿ ಗೌಡ್ರ! ಎಷ್ಟು ಆಳ ಐತಿ, ಎಲ್ಲೀತನಕ ಹೋಗೈತಿ ನೋಡಬೇಕು. ಅಲ್ಲೀತನಕ ಕೂರಿಗಿ ಹೊಡೀಬ್ಯಾಡ್ರಿ."

ಅಪ್ಪನನ್ನು ಊರಲ್ಲಿ ಯಾರೂ ಗೌಡ್ರೇ ಎಂದು ಕರೆದಿರಲಿಲ್ಲ. ಬಿತ್ತುವ ಕೂರಿಗೆ ಗೋಡೆಗೆ ಒರಗಿತು.

ಅವ್ವ ಒಲೆಯ ಮುಂದಿನಿಂದಲೇ, "ನೆಲದ ಹಸಿ ಆರಾಕತ್ತೈತಿ. ಮೊದಲ ಬಿತ್ತರಿ, ಆಮ್ಯಾಲ ಗೌಡ್ರ ಆಗೀರಂತ," ಎಂದಳು.

"ನಿನಗೇನ್ ತಿಳೀತೈತಿ, ಸುಮ್ಮನಿರು," ಎಂದ ಅಪ್ಪ.

ವ್ಯಾಪಾರಿ ಆಳು ಹಚ್ಚಿ ಹೊಲದ ತುಂಬ ತಗ್ಗು ತೋಡಿಸಿದ. ನಮಗೆ ಆ ತಗ್ಗುಗಳಲ್ಲಿ ಅಡಗಿ ಕೂರುವ ಆಟ. ಒಂದು ಸಂಜೆ ನಾನು ಉಡಿ ತುಂಬ ಕೆಂಪು ಕಲ್ಲು ತಂದೆ. ಅವ್ವ ಕಿವಿ ಹಿಂಡಿದಳು.

"ಎಲ್ಲಿ ಕದ್ದಿಬೇ?"

"ಕದ್ದಿಲ್ಲ ಯವ್ವಾ! ಆಡ್ಕೋ ಅಂತ ಅಂವನ ಕೊಟ್ಟ. ಅಂವ ಚೀಲದಾಗ ಬರೇ ಗರಸು ತುಂಬ್ಕೊಂಡು ಹೋಗ್ತಾನ."

ಅವ್ವ ಕಿವಿ ಬಿಟ್ಟಳು. ನಮ್ಮೂರ ಪಕ್ಕದಲ್ಲೇ ಹೊಸ ರಸ್ತೆ ಬರುವ ಮಾತಿತ್ತು. ರಸ್ತೆಗೆ ಹಾಸಲು ಬೇಕಾದದ್ದು ಗರಸು.

ಆತ ಹೊಲವನ್ನು ಲಾವಣಿಗೆ, ಅಂದರೆ ಗುತ್ತಿಗೆಗೆ, ಬರೆಸಿಕೊಳ್ಳುವ ಕಾಗದ ತಂದ ದಿನ ಅವ್ವ ತಾನೇ ಚಹಾ ಕೊಟ್ಟು ಎದುರಿಗೆ ಕುಳಿತಳು.

"ಅಣ್ಣಾರ, ಮಾಣಿಕ್ಯ ಅಷ್ಟೂ ನಿಮಗ, ಪುಕ್ಕಟ ಒಯ್ರಿ. ಗರಸು ಅಷ್ಟ ನಮಗ ಬಿಡ್ರಿ. ಹಂಗಂತ ಬರೀರಿ."

ಆತ ಬಸಿ ಕೆಳಗಿಟ್ಟ. "ಗರಸು ತಗೊಂಡು ಏನ್ ಮಾಡ್ತೀರಿ ಅಕ್ಕಾರ?"

"ನೀವು ಏನ್ ಮಾಡಾವ್ರಿದ್ರಿ ಹೇಳ್ರಿ, ನಾವೂ ಅದನ್ನ ಮಾಡ್ತೇವಿ."

ಅಪ್ಪ ಮೊದಲ ಸಲ ಆತನ ಮುಖವನ್ನು ಸರಿಯಾಗಿ ನೋಡಿದ. "ವಿಚಾರ ಮಾಡಿ ಬರ್ತೇನಿ," ಅಂದು ಎದ್ದ ವ್ಯಾಪಾರಿ ಮತ್ತೆ ಬರಲಿಲ್ಲ. ಹೊಲ ಉಳಿಯಿತು. ಹಸಿ ಮಾತ್ರ ಆರಿಹೋಗಿತ್ತು.

ಮುಂದೆ ನಾನು ಸಿಂದಗಿಯಲ್ಲಿ ತೊಗರಿ ವ್ಯಾಪಾರಕ್ಕೆ ಇಳಿದ ಮೇಲೆ ಆ ಕಲ್ಲನ್ನು ಬಲ್ಲವರಿಗೆ ತೋರಿಸಿದೆ. ಬೆಣಚುಕಲ್ಲಿನ ಜಾತಿ, ಬಣ್ಣ ಕೆಂಪು, ಅಷ್ಟೇ. ಗಾಜನ್ನು ಬೆಣಚುಕಲ್ಲೂ ಗೀರುತ್ತದೆ. ಆದರೂ ಅಪ್ಪ ಕೊನೆಯತನಕ ಅವ್ವನನ್ನೇ ಅನುಮಾನದಿಂದ ನೋಡಿದ: ಇವಳೇ ಲಕ್ಷ್ಮಿಯನ್ನು ಓಡಿಸಿದಳೇನೋ ಎಂದು. ಇಂದು ನಮ್ಮ ಹೊಲದ ಸುತ್ತ, ಬೇರೆಯವರ ಹೊಲಗಳಲ್ಲಿ ಇರುವುದು ಗರಸು ತೆಗೆದ ಗುಂಡಿಗಳು, ಪಾಚಿ ಕಟ್ಟಿದ ನೀರು. ಅಲ್ಲಿ ಆಡಲು ಯಾರೂ ಮಕ್ಕಳನ್ನು ಬಿಡುವುದಿಲ್ಲ. ಅಷ್ಟು ಆಳದ ಕಪ್ಪು ಮಣ್ಣು ಮತ್ತೆ ಯಾರ ಕಾಲಕ್ಕೂ ಬರುವುದಿಲ್ಲ.

ನಿಮ್ಮ ಹೊಲಕ್ಕೂ ಒಬ್ಬ ಬಂದಾನು. ಚಹಾ ಕೊಡಿ, ಬಿತ್ತನೆ ಮಾತ್ರ ನಿಲ್ಲಿಸಬೇಡಿ. ಅವನು ಹೊಗಳಿದ್ದನ್ನೆಲ್ಲ ಅವನಿಗೇ ಬಿಟ್ಟುಕೊಡುತ್ತೇನೆ ಅನ್ನಿ. ಅವನು ಬಾಯಿ ಬಿಟ್ಟು ಹೇಳದೆ ಇದ್ದದ್ದನ್ನು ನಿಮ್ಮ ಹೆಸರಿಗೆ ಬರೆಸಿಕೊಳ್ಳಿ. ಅಷ್ಟಾದರೂ ಅವನು ಎದ್ದು ಹೋಗದಿದ್ದರೆ ವ್ಯಾಪಾರ ಶುರುಮಾಡಿ.