ಗೋಡೆಯ ಮೇಲಿನ ಹರಿಹರ ತಿರುಗಿದ ದಿನ

ಕೊರೋನಾ ಕಳೆದ ಮರುವರ್ಷ. ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿ ಒಂದು ಮನೆಯ ಮಹಡಿಯನ್ನು ಬಾಡಿಗೆಗೆ ಹಿಡಿದು ನಡೆಯುತ್ತಿದ್ದ ಪುಟ್ಟ ಅನಿಮೇಷನ್ ಸ್ಟುಡಿಯೋದಲ್ಲಿ ನಾನು ಕಂಟಿನ್ಯೂಟಿ ಚೆಕ್ಕರ್ ಆಗಿದ್ದೆ. ಅದಕ್ಕೂ ಮುಂಚೆ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್. ಕಂಟಿನ್ಯೂಟಿ ಎಂದರೆ ಹೆದರುವಂಥ ವಿದ್ಯೆಯೇನಲ್ಲ. ಒಂದು ಶಾಟ್‌ನಲ್ಲಿ ತಟ್ಟೆಯೊಳಗೆ ಮೂರು ಮಿರ್ಚಿ ಇದ್ದರೆ ಮುಂದಿನ ಶಾಟ್‌ನಲ್ಲಿ ಅದು ನಾಲ್ಕಾಗಬಾರದು. ಕುಂಕುಮ ಇಟ್ಟುಕೊಂಡು ಒಳಗೆ ಹೋದವಳು ಬರಿಹಣೆಯಲ್ಲಿ ಆಚೆ ಬರಬಾರದು. ಇಂಥದ್ದನ್ನು ಹಿಡಿದು ಚಿತ್ರ ಬರೆದವರಿಗೆ ಬೈಯುವುದು ನನ್ನ ಕೆಲಸ. ಬೈಯುವುದಕ್ಕೆ ಸಂಬಳ ಕೊಡುತ್ತಾರೆಂದರೆ ಯಾರು ಬಿಡುತ್ತಾರೆ ಹೇಳಿ!

ನಾವು ಮಾಡುತ್ತಿದ್ದದ್ದು ‘ಕಾವಲಿ ಕಮಲಕ್ಕ’ ಎಂಬ ಕಾರ್ಟೂನ್ ಹಾಸ್ಯ ಧಾರಾವಾಹಿ. ಬೆಣ್ಣೆದೋಸೆ ಹೋಟೆಲು ನಡೆಸುವ ಕಮಲಕ್ಕ, ಮೈಗಳ್ಳ ಗಂಡ, ಬಾಯಿಗೆ ಬೀಗವಿಲ್ಲದ ಅತ್ತೆ. ತಿಂಗಳಿಗೆ ಎರಡು ಎಪಿಸೋಡು, ಇಂಟರ್ನೆಟ್ಟಿನಲ್ಲಿ ನಮ್ಮದೇ ಚಾನೆಲ್ಲು. ಜನರಿಗೆ ಕಥೆಗಿಂತ ಅದರೊಳಗೆ ಬಚ್ಚಿಟ್ಟ ಊರೇ ಹೆಚ್ಚು ಇಷ್ಟ. ಗಾಜಿನ ಮನೆ ಎಲ್ಲಿ ಇಣುಕಿತು, ನಿಂತುಹೋದ ಮಿಲ್ಲಿನ ಸೈರನ್ ಎಲ್ಲಿ ಕೂಗಿತು, ಅತ್ತೆ ಬೈದ ಬೈಗುಳ ಆನಗೋಡಿನದೋ ಹರಪನಹಳ್ಳಿಯದೋ ಎಂದು ಕಾಮೆಂಟುಗಳಲ್ಲಿ ಜಗಳವೇ ನಡೆಯುತ್ತಿತ್ತು. ಮಲೆಬೆನ್ನೂರಿನಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ ಹಾಲೇಶ ಎಂಬ ಅಭಿಮಾನಿಯಂತೂ ಪ್ರತಿ ಎಪಿಸೋಡು ಬಂದ ಮೇಲೆ ಅದರ ತಪ್ಪುಗಳನ್ನೆಲ್ಲ ಹೆಕ್ಕಿ ತಾನೇ ಒಂದು ವಿಡಿಯೋ ಮಾಡಿ ಹಾಕುತ್ತಿದ್ದ. ನನಗೆ ಪೈಪೋಟಿಗೆ ನಿಂತ ಮನುಷ್ಯ. ಆದರೂ ಅವನ ವಿಡಿಯೋ ನೋಡದಿದ್ದರೆ ನನಗೆ ಅಂದಿನ ಊಟ ರುಚಿಸುತ್ತಿರಲಿಲ್ಲ.

ಹಿನ್ನೆಲೆಯ ಚಿತ್ರಗಳನ್ನು ಬರೆಯುತ್ತಿದ್ದವರು ದಸ್ತಗೀರ್. ಹರಿಹರದವರು, ಐವತ್ತರ ಆಸುಪಾಸು. ಮೊದಲು ಅಂಗಡಿಗಳ ಬೋರ್ಡು ಬರೆಯುತ್ತಿದ್ದರು. ಫ್ಲೆಕ್ಸ್ ಬಂದು ಆ ಕಸುಬಿನ ಹೊಟ್ಟೆಯ ಮೇಲೆ ಹೊಡೆದ ಮೇಲೆ ಕಂಪ್ಯೂಟರ್ ಕಲಿತು ನಮ್ಮಲ್ಲಿಗೆ ಬಂದರು. ಕಮಲಕ್ಕನ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಗೋಡೆಗೆ ಯಾವ ದೇವರ ಫೋಟೊ ಹಾಕೋಣ ಎಂದು ಚರ್ಚೆಯಾದಾಗ, “ನಮ್ಮೂರಿನ ದೇವರನ್ನ ಹಾಕ್ತೀನಿ ಬಿಡ್ರಿ” ಎಂದು ಹರಿಹರೇಶ್ವರನನ್ನು ಬರೆದದ್ದು ಅವರೇ. ಒಂದೇ ದೇಹ, ಇಬ್ಬರು ದೇವರು. ಮೂರ್ತಿಯ ಬಲಭಾಗ ಹರ, ಅಲ್ಲಿ ಜಟೆ. ಎಡಭಾಗ ಹರಿ, ಅಲ್ಲಿ ಕಿರೀಟ. ಬಣ್ಣದಲ್ಲಿ ಎಷ್ಟು ಚೆಂದ ಬಂದಿತ್ತೆಂದರೆ, ನಾನು ಅವರಿಗೆ ಬೈಯದೆ ಬಿಟ್ಟ ಚಿತ್ರ ಅದೊಂದೇ ಇರಬೇಕು.

ನಾನು ಹೇಳಹೊರಟ ಎಪಿಸೋಡಿನಲ್ಲಿ ಅತ್ತೆ-ಸೊಸೆ ಎದುರುಬದುರು ನಿಂತು ಜಗಳವಾಡುವ ಸೀನು. ಅತ್ತೆಯ ಮುಖ ಪರದೆಯ ಬಲಕ್ಕಿದ್ದರೆ ಮುಂದಿನ ಶಾಟ್‌ನಲ್ಲಿ ಸೊಸೆಯ ಮುಖ ಎಡಕ್ಕಿರಬೇಕು, ಇಲ್ಲವಾದರೆ ಇಬ್ಬರೂ ಗೋಡೆಗೆ ಬೈಯುತ್ತಿರುವಂತೆ ಕಾಣುತ್ತದೆ. ನಾನು ಎಲ್ಲವನ್ನೂ ನೋಡಿ ಒಪ್ಪಿ ಮನೆಗೆ ಹೋದ ಮೇಲೆ, ನಮ್ಮ ನಿರ್ದೇಶಕ ಕೊಟ್ರೇಶನಿಗೆ ಜಗಳದ ಕ್ರಮ ಬದಲಿಸಬೇಕೆನಿಸಿತು. ಬದಲಿಸಿದ. ಆಗ ಸೊಸೆಯ ಮುಖ ತಪ್ಪು ದಿಕ್ಕಿಗೆ ಬಂತು. ಹೊಸದಾಗಿ ಬರೆಯಲು ಪುರುಸೊತ್ತಿಲ್ಲ. ಅದಕ್ಕೊಂದು ಅಡ್ಡದಾರಿ ಇದೆ, ಫ್ಲಿಪ್: ಇಡೀ ಶಾಟನ್ನು ಕನ್ನಡಿಯೊಳಗಿನ ಬಿಂಬದ ಹಾಗೆ ತಿರುಗಿಸುವುದು, ಒಂದು ಕೀ ಒತ್ತಿದರೆ ಮುಗಿಯಿತು. ಬೋರ್ಡಿನ ಅಕ್ಷರಗಳು ಉಲ್ಟಾ ಆಗುತ್ತವೆಂದು ಅವನ್ನು ನೆನಪಿಟ್ಟು ಸರಿಮಾಡಿದ. ದೇವರ ಫೋಟೊದ ಕಡೆ ನೋಡಲಿಲ್ಲ. ಗಣಪತಿಯೋ ಲಕ್ಷ್ಮಿಯೋ ಆಗಿದ್ದರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಹರಿಹರನನ್ನು ತಿರುಗಿಸಿದರೆ ಹರನ ಜಾಗದಲ್ಲಿ ಹರಿ ಬಂದು ಕೂರುತ್ತಾನೆ.

ಭಾನುವಾರ ಎಪಿಸೋಡು ಹೊರಬಂತು. ಸೋಮವಾರ ಬೆಳಿಗ್ಗೆ ಹಾಲೇಶನ ವಿಡಿಯೋ. ಕಮಲಕ್ಕ ಎಡಗೈಯಲ್ಲಿ ದೋಸೆ ತಿಂದದ್ದು, ಅವಳ ಮೂಗುಬೊಟ್ಟು ಹಾರಿ ಇನ್ನೊಂದು ಕಡೆಗೆ ಹೋದದ್ದು, ಎಲ್ಲ ಹಿಡಿದಿದ್ದ. ಕೊನೆಯಲ್ಲಿ, “ನೋಡ್ರಪ್ಪಾ, ಹರಿ-ಹರ ಸೀಟು ಬದಲಿ ಮಾಡ್ಕೊಂಡವ್ರೆ!” ಎಂದು ನಕ್ಕಿದ್ದ. ಅಯ್ಯೋ ಇವನ ಕಣ್ಣೇ ಎಂದು ನಾನೂ ನಕ್ಕೆ. ನಗುತ್ತಲೇ ಕೆಳಗಿನ ಕಾಮೆಂಟುಗಳಿಗೆ ಬಂದೆ.

“ಬರೆದೋನ ಹೆಸರು ನೋಡ್ರಿ” ಎಂದು ಯಾರೋ ಹಾಕಿದ್ದರು. ಜೊತೆಗೆ ನಮ್ಮ ಟೈಟಲ್ ಕಾರ್ಡಿನ ಫೋಟೊ. ‘ಹಿನ್ನೆಲೆ ಚಿತ್ರ: ದಸ್ತಗೀರ್’ ಎಂಬ ಸಾಲಿನ ಸುತ್ತ ಕೆಂಪು ಗೆರೆ. ಅದರ ಕೆಳಗೆ, ಬೇಕಂತಲೇ ಮಾಡಿದ್ದು ಎಂದು ಒಬ್ಬ. ಬಿಡಬಾರದು ಎಂದು ಇನ್ನೊಬ್ಬ. ಮತ್ತೊಬ್ಬ, “ಹರಿಹರದಾಗ ಮನೆ ಎಲ್ಲೈತೆ ಗೊತ್ತು” ಎಂದು ಬರೆದಿದ್ದ. ಇಷ್ಟು ವರ್ಷ ತಪ್ಪು ಹುಡುಕಿದವಳು ನಾನು; ಒಂದು ತಪ್ಪನ್ನು ನೋಡಿ ಹೆದರಿದ್ದು ಅದೇ ಮೊದಲು.

ಹಾಲೇಶನಿಗೆ ಫೋನ್ ಮಾಡಿದೆ. ಅವನಾಗಲೇ ಹೆದರಿದ್ದ. “ಮೇಡಂ, ನಾನು ತಮಾಷೆಗೆ ಮಾಡಿದ್ದುರೀ, ಹಿಂಗಾಗತ್ತೆ ಅಂತ ದೇವ್ರಾಣೆ ಗೊತ್ತಿರ್ಲಿಲ್ಲ. ತೆಗ್ದುಬಿಡ್ತೀನಿ.” ತೆಗೆದೂಬಿಟ್ಟ. ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. ಹೆದರಿಸಿ ತೆಗೆಸಿದ್ದಾರೆ ಎಂದು ಹೊಸದೊಂದು ಸುದ್ದಿ ಹುಟ್ಟಿ, ಕೆಂಪು ಗೆರೆಯ ಆ ಫೋಟೊ ವಾಟ್ಸಾಪ್ ಗುಂಪುಗಳಿಗೆ ಹೋಯಿತು.

ಮಧ್ಯಾಹ್ನ ನಾವೆಲ್ಲ ಊಟದ ಡಬ್ಬಿ ತೆರೆದು ಕೂತಿದ್ದಾಗ ದಸ್ತಗೀರರ ಫೋನ್ ಬಡಿಯಿತು. ಅವರ ಹೆಂಡತಿ. ಕಿಟಕಿಯ ಹತ್ತಿರ ಹೋಗಿ ಉರ್ದುವಿನಲ್ಲಿ ಮೆಲ್ಲಗೆ ಏನೋ ಹೇಳಿದರು. ಬಾಗಿಲ ಚಿಲಕ ಹಾಕಿಕೊಳ್ಳಲು ಹೇಳುತ್ತಿದ್ದಾರೆಂಬುದು ಮಾತ್ರ ತಿಳಿಯಿತು. ಆಮೇಲೆ ನಮ್ಮ ಕಡೆ ತಿರುಗಿದರು. “ಇಬ್ರು ಬೈಕ್‌ನಾಗೆ ಬಂದು ಓಣಿಯಾಗೆ ಕೇಳ್ತಾ ಅವ್ರಂತೆ ಮೇಡಂ, ಕಾರ್ಟೂನ್ ದಸ್ತಗೀರ್ ಮನೆ ಯಾವುದು ಅಂತ. ಒಳಗೆ ಅವಳೂ ನನ್ನ ಮಗಳೂ ಇಬ್ರೇ. ಈಗ ನಾನು ಹೋದ್ರೆ ನಾನೇ ಮನೆ ತೋರಿಸಿದಂಗಾಗತ್ತೆ.”

ಪೊಲೀಸರಿಗೆ ಹೇಳೋಣ ಎಂದೆ. ಅವರು ಕೈ ಅಡ್ಡ ಆಡಿಸಿದರು. “ಬ್ಯಾಡ್ರಿ. ಜೀಪು ಮನೆ ಮುಂದೆ ನಿಂತ್ರೆ ಓಣಿಯೋರೂ ನಾನೇ ಏನೋ ಮಾಡೀನಿ ಅಂದ್ಕೋತಾರೆ. ನನ್ನ ಹೆಸರು ತೆಗೆದುಬಿಡ್ರಿ, ಸಾಕು.”

ಕೊಟ್ರೇಶ ಒಂದು ಉಪಾಯ ಹೇಳಿದ: ಎಪಿಸೋಡು ತೆಗೆದು, ತಾಂತ್ರಿಕ ದೋಷಕ್ಕೆ ವಿಷಾದಿಸುತ್ತೇವೆ ಎಂದು ಒಂದು ಸಾಲು ಹಾಕುವುದು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಈಗ ಎಪಿಸೋಡನ್ನಾಗಲಿ ಹೆಸರನ್ನಾಗಲಿ ತೆಗೆದರೆ, ಸಿಕ್ಕಿಬಿದ್ದು ತೆಗೆದರು ಎಂದೇ ಆಗುತ್ತದೆ. ದಸ್ತಗೀರ್ ಬರೆದದ್ದು ಸರಿಯಾಗಿತ್ತು, ನನ್ನ ಕಣ್ಣಾರೆ ನೋಡಿದ್ದೆ.

“ಆ ಶಾಟ್ ತಿರುಗಿಸಿದ್ದು ಯಾರು ಕೊಟ್ರೇಶ?”

ಅವನು ಡಬ್ಬಿಯ ಮುಚ್ಚಳವನ್ನೇ ನೋಡುತ್ತ ಕೂತ. “ನಾನೇ ಮೇಡಂ. ನೀವು ಹೋದ ಮೇಲೆ.” ಡಬ್ಬಿ ಮುಚ್ಚಿಟ್ಟು, “ಬಜಾರ್‌ನಾಗೆ ನಮ್ಮಪ್ಪನ ಅಂಗಡಿ ಐತೆ. ಅದಕ್ಕೆ ಕಲ್ಲು ಬಿದ್ರೆ?” ಎಂದ.

“ಕಲ್ಲು ಆಗ್ಲೇ ಹೊರಟೈತೆ ಕಣೋ. ಯಾರ ಮನೆಗೆ ಅನ್ನೋದಷ್ಟೇ ಬಾಕಿ.”

ಅವನ ಹೆದರಿಕೆ ಸುಳ್ಳಾಗಿರಲಿಲ್ಲ. ದಸ್ತಗೀರ್ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಅದು ಮತ್ತೆ ಬಡಿಯುತ್ತದೇನೋ ಎಂದು ನೋಡುತ್ತಿದ್ದರು. ಅದನ್ನು ನೋಡಲಾರದೆಯೋ ಏನೋ, ಕೊಟ್ರೇಶ ಎದ್ದು ಕ್ಯಾಮೆರಾ ಹಚ್ಚಿದ. ಕಂಪ್ಯೂಟರಿನಲ್ಲಿ ದಸ್ತಗೀರ್ ಬರೆದ ಮೂಲ ಚಿತ್ರವನ್ನು ತೆರೆದು ತೋರಿಸಿದ. ಕ್ಯಾಮೆರಾದ ಎದುರೇ ಫ್ಲಿಪ್ ಮಾಡಿದ. ಹರ ಆ ಕಡೆ, ಹರಿ ಈ ಕಡೆ. “ಇದನ್ನ ತಿರುಗಿಸಿದ್ದು ನಾನು, ಕೊಟ್ರೇಶ. ಜಗಳದ ಸೀನು ಹೊಂದಿಸೋಕೆ ಹೋಗಿ ಮಾಡಿದೆ, ದೇವರ ಕಡೆ ನೋಡ್ಲಿಲ್ಲ. ದಸ್ತಗೀರ್ ಬರೆದದ್ದು ಸರಿ ಐತೆ. ಬೈಯೋದಿದ್ರೆ ನನಗೆ ಬೈರಿ.” ಇಷ್ಟೇ. ನಡುವೆ ಒಮ್ಮೆ ತಡವರಿಸಿದ. ಮತ್ತೆ ಹೇಳಿಸಲು ಹೋಗದೆ ಹಾಗೇ ಚಾನೆಲ್ಲಿಗೆ ಹಾಕಿದೆವು.

ಆಮೇಲೆ ಕಾಯುವುದು. ಕೆಳಗೆ ರಸ್ತೆಯಲ್ಲಿ ಬೈಕ್ ನಿಂತ ಸದ್ದಾದರೂ ಮೂವರೂ ಮುಖ ಮುಖ ನೋಡಿಕೊಳ್ಳುತ್ತಿದ್ದೆವು. ನಾನು ಎದ್ದುಹೋಗಿ ಮೆಟ್ಟಿಲ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ ಬಂದೆ.

ಮೊದಲ ಕಾಮೆಂಟು ಬಂತು. “ಕೊಟ್ರೇಶಣ್ಣ, ಎಡಬಲ ಗೊತ್ತಿಲ್ದೆ ಗಾಡಿ ಹೆಂಗ್ ಹೊಡೀತೀಯೋ?” ಇನ್ನೊಂದು: “ಎಲ್ರಿಗೂ ಬೆಣ್ಣೆದೋಸೆ ಕೊಡಿಸು, ಮಾಫ್.” ನಗುವ ಮುಖಗಳ ಸಾಲು. ಸಂಜೆಯಾಗುವಷ್ಟರಲ್ಲಿ ಇಡೀ ಗಲಾಟೆ ನಗೆಚಾಟಿಕೆಯಾಗಿ ಇಳಿದುಹೋಯಿತು. ಮನೆ ಗೊತ್ತು ಎಂದಿದ್ದನಲ್ಲ, ಅದೇ ಮಹಾಶಯ ಬಂದು ಬರೆದ: “ಹೋಗ್ಲಿ ಬಿಡಣ್ಣ, ಮನುಷ್ಯ ಅಂದ್ಮೇಲೆ ತಪ್ಪಾಗತ್ತೆ.”

ಕೊಟ್ರೇಶ ಕುರ್ಚಿಗೆ ಒರಗಿ ಜೋರಾಗಿ ನಕ್ಕುಬಿಟ್ಟ. ನನಗೂ ಹೋದ ಜೀವ ಬಂದಂತಾಗಿ ಕಣ್ಣಲ್ಲಿ ನೀರು ಬಂತು. ದಸ್ತಗೀರ್ ಮಾತ್ರ ಆ ಕಾಮೆಂಟನ್ನು ಎರಡು ಸಲ ಓದಿ ಫೋನನ್ನು ಜೇಬಿಗೆ ಹಾಕಿಕೊಂಡರು.

ದಸ್ತಗೀರರೊಬ್ಬರನ್ನೇ ಕಳಿಸಲು ಮನಸ್ಸು ಬಾರದೆ ಹರಿಹರದ ಬಸ್ಸಿನಲ್ಲಿ ನಾನೂ ಜೊತೆಗೆ ಹೋದೆ. ಓಣಿ ಎಂದಿನಂತೆಯೇ ಇತ್ತು. ಗಂಡನ ಧ್ವನಿ ಕೇಳಿದ ಮೇಲೆಯೇ ಆಕೆ ಬಾಗಿಲು ತೆಗೆದರು. ಬೈಕಿನಲ್ಲಿ ಬಂದವರು ಪಕ್ಕದ ಮನೆಯವರನ್ನು ಕೇಳಿ, ಉತ್ತರ ಸಿಗದೆ ಹೋಗಿದ್ದರಂತೆ. ಅವರು ಯಾರು, ಏನು ಮಾಡಲು ಬಂದಿದ್ದರು ಎಂಬುದು ಇವತ್ತಿಗೂ ಗೊತ್ತಿಲ್ಲ. ಮಗಳು ಚಹಾ ತಂದುಕೊಟ್ಟಳು. ಕೊಟ್ಟವಳೇ ಹೋಗಿ ಮತ್ತೆ ಬಾಗಿಲ ಚಿಲಕ ಹಾಕಿ ಬಂದಳು.

ಚಹಾ ಮುಗಿಸಿ ಲೋಟ ಕೆಳಗಿಟ್ಟು ದಸ್ತಗೀರ್ ಕೇಳಿದರು: “ಕೊಟ್ರೇಶ್ ಸಾರ್ ತಿರುಗಿಸಿದ್ರು, ಸರಿಹೋಯ್ತು. ಕೈತಪ್ಪಿ ಅದನ್ನ ನಾನೇ ತಿರುಗಿಸಿದ್ದಿದ್ರೆ ಏನಾಗ್ತಿತ್ತು ಮೇಡಂ?”

ಏನೂ ಆಗುತ್ತಿರಲಿಲ್ಲ ಎನ್ನಬೇಕೆಂದುಕೊಂಡೆ. ಅವರ ಹೆಂಡತಿ ನನ್ನನ್ನೇ ನೋಡುತ್ತಿದ್ದರು, ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. ದಸ್ತಗೀರ್ ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು.

ಈ ಕೆಲಸ ನನಗೆ ಕಲಿಸಿದ ಪಾಠ ಇದು: ತಪ್ಪನ್ನು ಸರಿಪಡಿಸಿದರೆ ಸಾಲದು, ಅದು ಯಾರದ್ದು ಎಂದು ಅಂದೇ ಬಾಯಿಬಿಟ್ಟು ಹೇಳಬೇಕು. ತಪ್ಪು ಮಾಡಿದವನು ಬಾಯಿ ಮುಚ್ಚಿಕೊಂಡರೆ ಜನ ತಮಗೆ ಬೇಕಾದವರ ತಲೆಗೆ ಅದನ್ನು ಕಟ್ಟುತ್ತಾರೆ, ತಪ್ಪೇ ಮಾಡದವನು ಮನೆಯೊಳಗೆ ಚಿಲಕ ಹಾಕಿಕೊಂಡು ಕೂರಬೇಕಾಗುತ್ತದೆ. ಆಮೇಲೆ ಎಷ್ಟು ವರ್ಷ ಕೆಲಸ ಮಾಡಿದರೂ ಈ ಒಂದು ವಿಷಯದಲ್ಲಿ ನಾನು ಯಾರ ಮುಲಾಜಿಗೂ ಬೀಳಲಿಲ್ಲ.

ದಸ್ತಗೀರ್ ಕೆಲಸ ಬಿಡಲಿಲ್ಲ. ಹೆಸರು ಮಾತ್ರ ಹಾಕಬೇಡಿ ಎಂದರು. ನಾನು ಜಗಳವಾಡಿದೆ, ಕೊಟ್ರೇಶ ಕೈಮುಗಿದ. “ಮಗಳು ಹೆದರ್ತಾಳೆ ರೀ” ಎಂಬ ಒಂದೇ ಮಾತಿಗೆ ನಾವಿಬ್ಬರೂ ಸೋತೆವು. ಮುಂದಿನ ಎಪಿಸೋಡಿನ ಟೈಟಲ್ ಕಾರ್ಡಿನಲ್ಲಿ ಚಹಾ ತಂದುಕೊಡುವವರ ಹೆಸರೂ ಇತ್ತು, ಅವರದ್ದಿರಲಿಲ್ಲ. ಆ ಎಪಿಸೋಡಿನಲ್ಲಿ ಅತ್ತೆಯ ಬಳೆಯ ಬಣ್ಣ ಬದಲಾದದ್ದನ್ನು ಕೂಡ ಅಭಿಮಾನಿಗಳು ಹಿಡಿದರು. ಒಂದು ಹೆಸರು ಇಲ್ಲ ಎಂಬುದು ಯಾರ ಕಣ್ಣಿಗೂ ಬೀಳಲಿಲ್ಲ.