ಸೀಟು ನೋಡಿ ಬೈಕು ಆರಿಸಿದವಳು

ಬೈಕಿನ ಸೀಟು ಹೊಲಿಯುತ್ತಲೇ ತಲೆ ಅರ್ಧ ನರೆತಿದ್ದರೂ ಬೈಕು ಓಡಿಸುವ ಯೋಚನೆ ಅವಳಿಗೆ ಬಂದಿರಲಿಲ್ಲ. ಮದುವೆಯಾದ ಹೊಸದರಲ್ಲಿ ಮಾವನ ಅಂಗಡಿಯಲ್ಲಿ ರೆಗ್ಜಿನ್ ಕತ್ತರಿಸಲು ನಿಂತವಳು. ಮಾವ ಕಣ್ಣು ಮುಚ್ಚಿದ ಮೇಲೆ ಹೊಲಿಗೆ ಯಂತ್ರ, ಅಂಗಡಿ, ಮಾವನ ಬಾಯಿ, ಮೂರೂ ಅವಳ ಪಾಲಿಗೆ ಬಂದವು. ಗಂಡ ಕ್ಯಾಂಟೀನಿನಲ್ಲಿ ಅಡುಗೆಯವನು, ಸೂಜಿಯ ತಂಟೆಗೆ ಬಂದವನಲ್ಲ. ಗ್ಯಾರೇಜಿನವರು ಅವಳನ್ನು ಸೀಟಕ್ಕ ಎನ್ನುತ್ತಿದ್ದರು.

ಹರಿದ ಸೀಟು ಕೈಗೆ ಬಂದರೆ ಸಾಕು, ಸವಾರನ ಬಂಡವಾಳ ಬಿಚ್ಚಿಡುತ್ತಿದ್ದಳು. ಮುಂಭಾಗ ಸವೆದಿದ್ದರೆ ಬ್ರೇಕಿನ ಮೇಲೇ ಬದುಕುವ ಗಿರಾಕಿ. ಎಡಗಡೆಯ ಅಂಚು ಹರಿದಿದ್ದರೆ ಕಾಲೆತ್ತಿ ಹಾಕಲೂ ಸೋಮಾರಿತನ. ಹಿಂಭಾಗ ಹೊಸದರಂತೆ ಹೊಳೆಯುತ್ತಿದ್ದರೆ ಹೆಂಡತಿಯನ್ನು ಎಲ್ಲಿಗೂ ಕರೆದುಕೊಂಡು ಹೋಗದ ಭೂಪ. ಆ ಹೆಂಡತಿ ಪಕ್ಕದಲ್ಲೇ ನಿಂತಿದ್ದರೆ ಈ ಮಾತು ಇನ್ನೂ ಸ್ವಲ್ಪ ಜೋರಾಗಿ ಬರುತ್ತಿತ್ತು.

ಹೀಗಿರುವಾಗ ಗ್ಯಾರೇಜುಗಳನ್ನು ಬೀದಿಯಿಂದ ಎಬ್ಬಿಸಿದರು. ರಸ್ತೆ ಅಗಲ ಮಾಡಬೇಕು, ನಿಮ್ಮ ಎಣ್ಣೆಯಿಂದ ಊರು ಗಲೀಜಾಗುತ್ತಿದೆ ಎಂದು ಮೇಲಿನವರು ಹೇಳಿದರು. ಗ್ಯಾರೇಜಿನವರು ರಸ್ತೆಗೆ ಅಡ್ಡ ಕೂತರು, ಗಂಟಲು ಹರಿಯುವಂತೆ ಕೂಗಿದರು, ಕೊನೆಗೆ ಊರಾಚೆಯ ಗುಡ್ಡದ ಮೇಲೆ ತಗಡಿನ ಶೆಡ್ಡುಗಳನ್ನು ಪಡೆದರು. ಅಡ್ಡ ಕೂರದಿದ್ದರೆ ಆ ತಗಡೂ ಸಿಗುತ್ತಿರಲಿಲ್ಲ. ಸೀಟಕ್ಕನ ಅಂಗಡಿ ಮನೆಗೆ ಅಂಟಿಕೊಂಡಿದ್ದರಿಂದ ಕೆಳಗೇ ಉಳಿಯಿತು. ಗುಡ್ಡಕ್ಕೆ ಬಸ್ಸು ಹತ್ತುವುದಿಲ್ಲ. ಜಲ್ಲಿಕಲ್ಲಿನ ದಾರಿಯಲ್ಲಿ ಸೀಟು ಹೊತ್ತುಕೊಂಡು ಓಡಾಡಲು ಅವಳೇನು ಕತ್ತೆಯೂ ಅಲ್ಲ.

ಬಿಡಿಭಾಗ ಮಾರಲು ಗುಡ್ಡಕ್ಕೆ ಹೋಗಿ ಬರುತ್ತಿದ್ದ ಮೈದುನ ಸೀಟುಗಳನ್ನು ತಂದು ಕೊಡತೊಡಗಿದ. ಅವನು ಕೆಟ್ಟವನೇನಲ್ಲ. ಮಾಡಿದ ಉಪಕಾರವನ್ನು ಯಾರೂ ಮರೆಯದಂತೆ ನೋಡಿಕೊಳ್ಳುವವನು, ಅಷ್ಟೇ. ನೆನಪಾದಾಗ ತರುತ್ತಿದ್ದ, ಮನಸ್ಸು ಬಂದಾಗ ಒಯ್ಯುತ್ತಿದ್ದ. ಸೀಟಿಲ್ಲದ ಬೈಕನ್ನು ಎಷ್ಟು ದಿನ ಅಂತ ನಿಲ್ಲಿಸಿಕೊಳ್ಳುತ್ತಾರೆ? ಗ್ಯಾರೇಜಿನವರು ಒಬ್ಬೊಬ್ಬರೇ ಪಿನ್ನಿನವನ ಕಡೆ ವಾಲಿದರು. ಈ ಪಿನ್ನಿನವನು ಹೊಲಿಯುವ ಗೋಜಿಗೇ ಹೋಗುವವನಲ್ಲ. ಹಳೆಯ ಸೀಟಿನ ಮೇಲೆ ರೆಗ್ಜಿನ್ ಎಳೆದು, ಸುತ್ತ ಪಟಪಟನೆ ಪಿನ್ನು ಹೊಡೆದು, ಟೀ ಆರುವುದರೊಳಗೆ ಕೈ ತೊಳೆಯುವವನು. ಹೀಗೇ ಬಿಟ್ಟರೆ ಗುಡ್ಡದ ಕೆಲಸವೆಲ್ಲ ಅವನ ಪಾಲು, ಅಂಗಡಿಗೆ ಬೀಗ. ಇದು ಸೀಟಕ್ಕನಿಗೆ ಸ್ಪಷ್ಟವಾಗಿ ಕಾಣುತ್ತಿತ್ತು.

ಡ್ರೈವಿಂಗ್ ಸ್ಕೂಲಿಗೆ ಸೇರಿ, ಅವರ ಲಟಾರಿ ಬೈಕಿನಲ್ಲಿ ಮೈದಾನ ಸುತ್ತಿ ಲೈಸೆನ್ಸ್ ತೆಗೆದುಕೊಂಡಳು. ಸ್ಕೂಟರ್ ಸಾಕು ಎಂದು ಬೀದಿಯವರೆಲ್ಲ ಬುದ್ಧಿ ಹೇಳಿದರು. ಜಲ್ಲಿಯಲ್ಲಿ ಆ ಪುಟ್ಟ ಗಾಲಿ ಹೂತುಕೊಂಡರೆ ಎತ್ತೋಕೆ ನೀವು ಬರ್ತೀರಾ ಎಂದು ಕೇಳಿದ ಮೇಲೆ ಬುದ್ಧಿ ಹೇಳುವವರು ಕಡಿಮೆಯಾದರು. ಗಂಡ ಮಾತ್ರ, ಯಾವ ಬೈಕಾದರೂ ತಗೋ, ಊಟದ ಹೊತ್ತಿಗೆ ಮನೆಗೆ ಬಾ ಎಂದ.

ಒಂದು ಮಧ್ಯಾಹ್ನ ಮೈದುನನ ಹಿಂದೆ ಕೂತು ಗುಡ್ಡ ಹತ್ತಿದಳು. ಹಳೆಯ ಬೈಕುಗಳನ್ನು ರಿಪೇರಿ ಮಾಡಿ ಮಾರುವ ಮೇಸ್ತ್ರಿ ಶೆಡ್ಡಿನ ಮುಂದೆ ಎರಡು ಬೈಕು ನಿಲ್ಲಿಸಿದ್ದ. ಒಂದು ಕಪ್ಪು ಬಣ್ಣದ ದೊಡ್ಡದು. ಇನ್ನೊಂದು ಸಣ್ಣದು, ಟ್ಯಾಂಕಿನ ಬಣ್ಣ ಅಲ್ಲಲ್ಲಿ ಹಾರಿದ್ದು.

ಬೈಕು ಕೊಳ್ಳುವವರು ಎಂಜಿನ್ ಶಬ್ದ ಕೇಳುತ್ತಾರೆ, ಟಯರು ಒತ್ತಿ ನೋಡುತ್ತಾರೆ. ಸೀಟಕ್ಕ ನೇರವಾಗಿ ಸೀಟಿನ ಮೇಲೆ ಕೈಯಾಡಿಸಿದಳು. ದೊಡ್ಡ ಬೈಕಿನದು ಅವಳದೇ ಕೈಕೆಲಸ. ಜೋಡಿ ಹೊಲಿಗೆ, ಮೂಲೆಯಲ್ಲಿ ಮಡಿಕೆ, ಒಂದು ನೂಲೂ ಮೇಲೆದ್ದಿರಲಿಲ್ಲ. ಹೆತ್ತ ಮಗು ಜಾತ್ರೆಯಲ್ಲಿ ಕಳೆದು ಸಿಕ್ಕಿತೇನೋ ಎಂಬಂತೆ ಸವರಿದಳು. ಸಣ್ಣ ಬೈಕಿನ ಸೀಟು ನೋಡಿದ್ದೇ ಮುಖ ಹುಳ್ಳಗಾಯಿತು. ಪಿನ್ನಿನವನ ಕೆಲಸ. ಸುಕ್ಕೋ ಸುಕ್ಕು. ಅಂಚಿನಲ್ಲಿ ಪಿನ್ನುಗಳು ಹಲ್ಲು ಕಿರಿಯುತ್ತಿದ್ದವು. ಎಂಜಿನ್ ಚಾಲೂ ಮಾಡಿಸುವ ಮೊದಲೇ ದೊಡ್ಡದೇ ಇರಲಿ ಎಂದುಬಿಟ್ಟಳು. ಮೈದುನನೂ ತಲೆಯಾಡಿಸಿದ. ಮನೆಯ ಮುಂದೆ ನಿಂತರೆ ಒಂದು ತೂಕ ಇರುತ್ತದೆ ಎಂಬುದು ಅವನ ಲೆಕ್ಕ.

ಡಬಲ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ್ದ ಬೈಕನ್ನು ಹತ್ತಿ ಕೂತಳು. ಎರಡೂ ಕಾಲು ಗಾಳಿಯಲ್ಲಿ ತೂಗಾಡಿದವು. ಸ್ಟ್ಯಾಂಡ್ ಮೇಲಿದ್ದರೆ ಹಾಗೇ ಇರಬೇಕು ಎಂದುಕೊಂಡಳು. ಆ ಸೀಟು ಒಬ್ಬ ಉದ್ದಕಾಲಿನವನದು, ಮೊಣಕಾಲು ನೋಯುತ್ತದೆ ಎಂದನೆಂದು ಅವಳೇ ಹೆಚ್ಚು ಸ್ಪಂಜು ತುಂಬಿ ಎತ್ತರ ಮಾಡಿ ಕೊಟ್ಟಿದ್ದಳು. ಹೊಲಿಗೆಯ ಚಂದ ನೋಡುವ ಭರದಲ್ಲಿ ಅದು ತಲೆಗೆ ಹೊಳೆಯಲಿಲ್ಲ.

ಮೇಸ್ತ್ರಿ ಬೈಕನ್ನು ಸ್ಟ್ಯಾಂಡಿನಿಂದ ಇಳಿಸಿ ಕೈಬಿಟ್ಟ. ಕಾಲ್ಬೆರಳ ತುದಿ ಮಾತ್ರ ನೆಲ ಮುಟ್ಟಿತು. ಬೈಕು ಎಡಕ್ಕೆ ವಾಲಿತು, ಇನ್ನೂ ವಾಲಿತು, ಕೊನೆಗೆ ಎಮ್ಮೆ ಕೆಸರಿನಲ್ಲಿ ಮಲಗುವಷ್ಟೇ ಸಾವಕಾಶವಾಗಿ ನೆಲಕ್ಕೊರಗಿತು. ಸೀಟಕ್ಕ ಪಕ್ಕಕ್ಕೆ ಉರುಳಿ ಕುಂಡೆ ಊರಿ ಕೂತಳು. ಇಂಡಿಕೇಟರ್ ಒಡೆಯಿತು, ಮೊಣಕೈ ತರಚಿತು. ಸುತ್ತಲಿನ ಶೆಡ್ಡುಗಳಲ್ಲಿ ಸುತ್ತಿಗೆ ಸದ್ದು ನಿಂತಿತು.

ಮೈಕೊಡವಿಕೊಂಡು ಎದ್ದವಳು ತಪ್ಪನ್ನು ಸ್ಪಂಜಿನ ತಲೆಗೆ ಕಟ್ಟಿದಳು. "ಇಷ್ಟು ಸ್ಪಂಜು ಕೊಯ್ದು ತೆಗೆದ್ರೆ ಕಾಲು ಎಟುಕುತ್ತೆ. ಒಂದು ಗಂಟೆ ಕೆಲಸ."

"ಸ್ಪಂಜು ಕೊಯ್ತೀಯ, ಸರಿ. ಎಂಜಿನ್ ಕೊಯ್ತೀಯಾ?" ಎಂದ ಮೇಸ್ತ್ರಿ. "ಎತ್ತು ನೋಡೋಣ ಅದನ್ನ."

ಹ್ಯಾಂಡಲ್ ಹಿಡಿದು ಎಳೆದಳು, ಸೊಂಟ ಕೊಟ್ಟು ತಳ್ಳಿದಳು. ಅದು ಮಿಸುಕಲಿಲ್ಲ. ಕೈಕೊಡಲು ಬಂದ ಮೈದುನನನ್ನು ಮೇಸ್ತ್ರಿ ತಡೆದ.

"ದಾರಿ ಮಧ್ಯೆ ಬಿದ್ರೆ ಅಲ್ಲೂ ನೀನಿರ್ತೀಯೇನಯ್ಯಾ?"

"ಅದಕ್ಕೇನಂತೆ, ಅತ್ತಿಗೆ ಒಂದು ಫೋನ್ ಹಾಕಿದ್ರೆ ಬಂದೇ ಬರ್ತೀನಿ."

ಮೊಣಕೈಯ ಗಾಯಕ್ಕಿಂತ ಈ ಮಾತು ಹೆಚ್ಚು ಉರಿಯಿತು. ಸೀಟು ಯಾವಾಗ ತರುತ್ತಾನೋ ಎಂದು ಇವನ ದಾರಿ ಕಾಯುವುದು ತಪ್ಪಲಿ ಎಂದು ಬೈಕು ಕೊಳ್ಳಲು ಬಂದರೆ, ಇನ್ನು ಬೈಕು ಎತ್ತಲೂ ಇವನ ದಾರಿ ಕಾಯಬೇಕು. ಕೈ ಝಾಡಿಸಿ ಸಣ್ಣ ಬೈಕಿನ ಕಡೆ ತಿರುಗಿದಳು.

ಮೇಸ್ತ್ರಿ ಅದನ್ನು ತಾನೇ ನೆಲಕ್ಕೆ ಮಲಗಿಸಿದ. ರೆಗ್ಜಿನ್ ಸುರುಳಿಯನ್ನು ಅಟ್ಟಕ್ಕೆ ಏರಿಸುವಂತೆ ಅವಳು ಮೊಣಕಾಲು ಮಡಚಿ, ಬೆನ್ನು ನೆಟ್ಟಗಿಟ್ಟು, ಒಂದೇ ಉಸಿರಿಗೆ ಎತ್ತಿ ನಿಲ್ಲಿಸಿದಳು. ಹತ್ತಿ ಕೂತಾಗ ಎರಡೂ ಪಾದ ನೆಲದ ಮೇಲೆ ಚಪ್ಪಟೆಯಾಗಿ ಕೂತವು. ಕಿಕ್ಕರ್ ಒದ್ದರೆ ಎಂಜಿನ್ ತಕರಾರಿಲ್ಲದೆ ಗುಟುರು ಹಾಕಿತು. ಅಂಗಳದಲ್ಲಿ ಎರಡು ಸುತ್ತು ಹೊಡೆದಳು. ಎಲ್ಲವೂ ಸರಿ, ಸೀಟೊಂದು ಬಿಟ್ಟು.

ಸೀಟು ಬಿಚ್ಚಿ ಕೊಡಿ, ನಾಳೆ ಹೊಲಿದು ತಂದು ಗಾಡಿ ಒಯ್ಯುತ್ತೇನೆ ಎಂದಳು. ಪಿನ್ನಿನವನ ಕೆಲಸದ ಮೇಲೆ ಕೂತು ಸೀಟಕ್ಕ ಊರೊಳಗೆ ಹೋಗುವುದೆಂದರೆ ಮಾವ ಸಮಾಧಿಯಿಂದ ಎದ್ದು ಬಂದು ಬೈಯುತ್ತಾನೆ ಎಂದೂ ಸೇರಿಸಿದಳು. ಮೇಸ್ತ್ರಿ ಶೆಡ್ಡಿನ ಮೂಲೆ ತೋರಿಸಿದ. ಡ್ರೈವಿಂಗ್ ಸ್ಕೂಲಿನ ಸೀಟುಗಳು ಅಲ್ಲಿ ರಾಶಿ ಬಿದ್ದಿದ್ದವು. ಸ್ಕೂಲಿನವರಿಗೆ ಅರ್ಜೆಂಟು. ಸಂಜೆಯೊಳಗೆ ಯಾರೂ ಒಯ್ಯದಿದ್ದರೆ ಪಿನ್ನಿನವನಿಗೆ ಕೊಡಿ ಎಂದು ಹೇಳಿ ಹೋಗಿದ್ದರಂತೆ.

"ನಾಳೆ ನಾನೇ ತಂದ್ಕೊಡ್ತೀನಿ ಅತ್ತಿಗೆ," ಎಂದ ಮೈದುನ. "ಇವತ್ತು ಬೇರೆ ಕಡೆ ಹೋಗೋದಿದೆ."

ಅವನ ನಾಳೆ ಯಾವಾಗ ಬರುತ್ತದೆಂದು ಗುಡ್ಡಕ್ಕೆಲ್ಲ ಗೊತ್ತಿತ್ತು. ಸೀಟಕ್ಕ ಸುಕ್ಕುಗಟ್ಟಿದ ಆ ಸೀಟನ್ನೊಮ್ಮೆ, ಮೂಲೆಯ ರಾಶಿಯನ್ನೊಮ್ಮೆ ನೋಡಿದಳು. ಆಮೇಲೆ ಹಗ್ಗ ಕೇಳಿದಳು.

ಇಳಿಜಾರಿನಲ್ಲಿ ಹಿಂದೆ ಕಟ್ಟಿದ ಸೀಟುಗಳ ಹೊರೆ ಮುಂದಕ್ಕೆ ನೂಕುತ್ತಿತ್ತು. ಹೆಜ್ಜೆಗೊಂದು ಬ್ರೇಕು, ಬ್ರೇಕಿಗೊಮ್ಮೆ ಟ್ಯಾಂಕಿನವರೆಗೆ ಜಾರುವುದು. ಇಷ್ಟು ವರ್ಷ ಗಿರಾಕಿಗಳಿಗೆ ಮಾಡಿದ ಗೇಲಿಯೆಲ್ಲ ನೆನಪಾಗಿ ಒಬ್ಬಳೇ ನಕ್ಕಳು. ತಿರುವಿನಲ್ಲಿ ಎಂಜಿನ್ ಎರಡು ಸಲ ಬಂದ್ ಬಿತ್ತು. ಹಿಂದೆ ಬಂದ ಲಾರಿಯವನು ಹಾರ್ನ್ ಒತ್ತಿದ. ನಿನ್ನಜ್ಜಿ ಮದುವೆಗೆ ಹೊತ್ತಾಯ್ತೇನೋ ಎಂದು ಅವನನ್ನು ವಿಚಾರಿಸಿಕೊಂಡೇ ಕಿಕ್ಕರ್ ಒದ್ದಳು. ಮನೆ ಮುಟ್ಟಿದಾಗ ಒಂದು ಸೀಟೂ ಬಿದ್ದಿರಲಿಲ್ಲ.

ಡ್ರೈವಿಂಗ್ ಸ್ಕೂಲಿನ ಸೀಟುಗಳು ಮುಗಿಯುವವರೆಗೆ ಯಂತ್ರಕ್ಕೆ ಬಿಡುವಿರಲಿಲ್ಲ. ಸ್ವಂತ ಸೀಟಿಗೆ ಸರದಿ ಬರಲೇ ಇಲ್ಲ. ಹೊಲಿದವನ್ನು ಹೇರಿಕೊಂಡು ಅದೇ ಸುಕ್ಕಿನ ಮೇಲೆ ಕೂತು ಗುಡ್ಡ ಹತ್ತಿದಳು. ಮೇಸ್ತ್ರಿಯ ಶೆಡ್ಡಿನ ಮುಂದೆ ಪಿನ್ನಿನವನೇ ನಿಂತಿದ್ದ. ಬೈಕು ನೋಡಿದ, ಸೀಟು ನೋಡಿದ, ಬಾಯಿ ಕಿವಿಯವರೆಗೆ ಹೋಯಿತು.

"ಕೊನೆಗೂ ನನ್ನ ಕೆಲಸದ ಮೇಲೆ ಕೂತ್ರಲ್ಲ ಅಕ್ಕಾ. ಹೇಗಿದೆ?"

ಸೀಟಕ್ಕ ಎಂಜಿನ್ ನಿಲ್ಲಿಸಿ ಇಳಿದು, ಸೀರೆಯ ಹಿಂಭಾಗ ಒಮ್ಮೆ ತಡವಿ ನೋಡಿಕೊಂಡಳು.

"ಚೆನ್ನಾಗೇ ಹಿಡ್ಕೊಂಡಿದೆಯಪ್ಪಾ. ನಿನ್ನ ಎರಡು ಪಿನ್ನು ನನ್ನ ಜೊತೆ ಮನೆಗೂ ಬಂದ್ವು. ವಾಪಸ್ ಬೇಕಾದ್ರೆ ಹೇಳು, ಹುಡುಕಿಸ್ತೀನಿ."

ಗುಡ್ಡಕ್ಕೆ ಗುಡ್ಡವೇ ನಕ್ಕಿತು. ಪಿನ್ನಿನವನೂ ನಕ್ಕ, ಪಾಪ, ಬೇರೆ ದಾರಿ ಇರಲಿಲ್ಲ. ನಗು ಇಳಿಯುವ ಮೊದಲೇ ಎರಡು ಶೆಡ್ಡಿನವರು ಹರಿದ ಸೀಟು ಹಿಡಿದು ಬಂದು, ಯಾವಾಗ ಕೊಡ್ತೀರಿ ಅಕ್ಕ ಎಂದು ಕೇಳಿದರು.

ನಾಳಿದ್ದು ಎಂದಳು ಸೀಟಕ್ಕ. ತಂದುಕೊಡುವವರು ಯಾರು ಎಂದು ಯಾರೂ ಕೇಳಲಿಲ್ಲ.